ಗೋಸ್ತೊ, ಗುಸ್ತೊ, ದೋಸ್ತು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ನಾನು ದಾವಣಗೆರೆ ವಿದ್ಯಾನಗರದವನು, ಮನೆಯಿಂದಾನೇ ಸಾಫ್ಟ್‌ವೇರ್ ಕೆಲಸ. ನಮ್ಮ ಟೀಮಲ್ಲಿ ಅರ್ಧ ಜನ ಬ್ರೆಜಿಲ್‌ನೋರು ಇದ್ದಾರೆ, ಮೀಟಿಂಗಲ್ಲಿ ಏನಾದ್ರೂ ಚೆನ್ನಾಗಿ ಬಂದ್ರೆ ‘ಗೋಸ್ತೇಯ್, ಗೋಸ್ತೇಯ್’ ಅಂತಿರ್ತಾರೆ. ನನ್ನ ತಂಗಿ ಮೊಬೈಲಲ್ಲಿ ಸ್ಪ್ಯಾನಿಶ್ ಕಲೀತಿದಾಳೆ, ಅದ್ರಾಗೆ ‘ಮೂಚೊ ಗುಸ್ತೊ’ ಅಂತ ಬರ್ತತಿ. ಎರಡೂ ಒಂದೇನಾ? ಇದರ ಅರ್ಥ ಏನು, ಎಲ್ಲಿಂದ ಬಂತು? ನಮ್ಮ ಓಣಿ ಕಡೆ ಗೋಷ್ಟ್ ಅಂದ್ರೆ ಮಾಂಸ, ಅದಕ್ಕೂ ಇದಕ್ಕೂ ಏನಾದ್ರೂ ನಂಟು ಐತಾ?

ಉತ್ತರ: ಮೊದಲು ಕೊನೇ ಪ್ರಶ್ನೆ ಮುಗಿಸಿಬಿಡ್ತೀನಿ. ಗೋಷ್ಟ್ ಅನ್ನೋದು ಪಾರ್ಸಿ, ಅಂದ್ರೆ ಪರ್ಷಿಯನ್ ಭಾಷೆಯಿಂದ ಉರ್ದುಗೆ ಬಂದು ಅಲ್ಲಿಂದ ನಮ್ಮ ಪೇಟೆಗೆ ಬಂದ ಪದ, ಅದಕ್ಕೂ ನಿಮ್ಮ ಗೆಳೆಯರ ‘ಗೋಸ್ತೇಯ್’ ಹಿಂದಿರೋ ಪೋರ್ಚುಗೀಸಿನ ‘ಗೋಸ್ತೊ’ಗೂ ಸಂಬಂಧ ಇಲ್ಲ, ಕಿವಿಗೆ ಹತ್ತಿರ ಕೇಳುತ್ತೆ ಅಷ್ಟೆ.

ನಿಮ್ಮ ಬ್ರೆಜಿಲ್ ಗೆಳೆಯರ ಗೋಸ್ತೊ ಮತ್ತೆ ನಿಮ್ಮ ತಂಗಿಯ ಗುಸ್ತೊ ಮಾತ್ರ ಒಂದೇ ತಾಯಿ ಮಕ್ಕಳು. ಎರಡಕ್ಕೂ ಮೂಲ ಲ್ಯಾಟಿನ್‌ನ ‘ಗುಸ್ತುಸ್’, ಅಂದ್ರೆ ರುಚಿ, ನಾಲಿಗೆಗೆ ಆಗೋ ಅನುಭವ. ಅದರ ಕ್ರಿಯಾಪದ ‘ಗುಸ್ತಾರೆ’, ರುಚಿ ನೋಡು ಅಂತ. ಮೊದಲು ಬಾಯಿಗೆ ಸೇರಿದ ಪದ ಆಮೇಲೆ ಮನಸ್ಸಿಗೆ ಹತ್ತಿತು, ರುಚಿ ಅನ್ನೋದು ಇಷ್ಟ ಆಯ್ತು, ಇಷ್ಟ ಅನ್ನೋದು ಖುಷಿ ಆಯ್ತು, ಸಂತೋಷ ಆಯ್ತು. ಇವತ್ತಿಗೂ ಸ್ಪ್ಯಾನಿಶ್‌ನಲ್ಲಿ ಪಂಚೇಂದ್ರಿಯಗಳ ಹೆಸರು ಹೇಳುವಾಗ ನಾಲಿಗೆಯ ಪಾಲಿಗೆ ಬರೋ ಪದ ಗುಸ್ತೊನೇ, ಮತ್ತೆ ಹೊಸಬರ ಪರಿಚಯ ಆದಾಗ ‘ನಿಮ್ಮನ್ನ ಕಂಡು ಸಂತೋಷ ಆಯ್ತು’ ಅನ್ನೋಕೆ ‘ಮೂಚೊ ಗುಸ್ತೊ’ ಅನ್ನೋದೂ ಅದೇ ಪದ. ಯಾರಾದ್ರೂ ಒಂದು ಕೆಲಸ ಹೇಳಿದ್ರೆ ‘ಖುಷಿಯಿಂದ ಮಾಡ್ತೀನಿ’ ಅನ್ನೋಕೆ ‘ಕೊನ್ ಮೂಚೊ ಗುಸ್ತೊ’. ಒಂದು ಜಾಗದಲ್ಲಿ ಆರಾಮಾಗಿ, ಮನಸ್ಸಿಗೆ ಹಿತವಾಗಿ ಇದೀನಿ ಅನ್ನೋಕೆ ‘ಅ ಗುಸ್ತೊ’, ನಮ್ಮ ಕಡೆ ‘ಆರಾಮದೀನ್ರಿ’ ಅಂತೀವಲ್ಲ ಅದಕ್ಕೆ ಬಹಳ ಹತ್ತಿರ. ನಿಮ್ಮ ಟೀಮಿನವರ ‘ಗೋಸ್ತೇಯ್’ ಅಂದ್ರೆ ಪೋರ್ಚುಗೀಸಲ್ಲಿ ‘ನಂಗೆ ಇಷ್ಟ ಆಯ್ತು’ ಅಂತ, ನಿಮ್ಮ ಕೆಲಸ ಮೆಚ್ಚಿದಾರೆ.

ಒಂದರಲ್ಲಿ ಒ, ಇನ್ನೊಂದರಲ್ಲಿ ಉ ಯಾಕೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಎಲ್ಲರಿಗಿಂತ ಸುಲಭ. ಶಾಲೇಲಿ ತತ್ಸಮ ತದ್ಭವ ಅಂತ ಬಾಯಿಪಾಠ ಮಾಡಿದ್ವಲ್ಲ, ಯಾತ್ರಾ ಹೋಗಿ ಜಾತ್ರೆ ಆಯ್ತು, ಕಾರ್ಯ ಹೋಗಿ ಕಜ್ಜ ಆಯ್ತು, ಆದ್ರೆ ಪಂಡಿತರ ಬಾಯಲ್ಲಿ ಯಾತ್ರೆ, ಕಾರ್ಯನೂ ಹಾಗೇ ಉಳೀತು, ಅಲ್ಲೂ ಅದೇ ಕಥೆ. ಲ್ಯಾಟಿನ್‌ನ ಹ್ರಸ್ವ ಉ ಜನರ ಬಾಯಲ್ಲಿ ಸವೆದು ಸವೆದು ಒ ಆಗುತ್ತೆ, ನೊಣಕ್ಕೆ ಲ್ಯಾಟಿನ್‌ನಲ್ಲಿ ‘ಮುಸ್ಕ’ ಇದ್ದದ್ದು ಪೋರ್ಚುಗೀಸಲ್ಲೂ ಸ್ಪ್ಯಾನಿಶಲ್ಲೂ ‘ಮೋಸ್ಕ’ ಆಗಿದೆ, ಹನಿ ಅನ್ನೋ ‘ಗುತ್ತ’ ಎರಡರಲ್ಲೂ ‘ಗೋತ’ ಆಗಿದೆ. ಆ ಲೆಕ್ಕದಲ್ಲಿ ಪೋರ್ಚುಗೀಸಿನ ಗೋಸ್ತೊ ತದ್ಭವ. ಸ್ಪ್ಯಾನಿಶ್‌ನ ಗುಸ್ತೊ ಮಾತ್ರ ಉ ಬಿಟ್ಟುಕೊಡದೇ ಇರೋದ್ರಿಂದ ಓದು ಬರಹ ಬಲ್ಲವರು ಲ್ಯಾಟಿನ್‌ನಿಂದ ನೇರವಾಗಿ ಎತ್ತಿಕೊಂಡ ತತ್ಸಮ ಅಂತ ತಿಳೀಬಹುದು. ಅಂದಹಾಗೆ ಪೋರ್ಚುಗಲ್‌ನಲ್ಲಿ ಇದನ್ನ ‘ಗೋಶ್ತು’ ಅಂತಾರೆ, ಬ್ರೆಜಿಲ್‌ನಲ್ಲೇ ರಿಯೊ ಊರಿನವರೂ ಹಾಗೇ ಶ ಹಾಕ್ತಾರೆ, ಉಳಿದ ಬಹಳ ಕಡೆ ‘ಗೋಸ್ತು’. ನಿಮ್ಮ ಟೀಮಲ್ಲಿ ಯಾರು ರಿಯೊದವರಿರಬಹುದು ಅಂತ ಇದರಿಂದ ಒಂದು ಊಹೆ ಮಾಡಬಹುದು.

ಈಗ ನನಗೆ ಬಹಳ ಪ್ರೀತಿಯ ಭಾಗಕ್ಕೆ ಬರ್ತೀನಿ. ಲ್ಯಾಟಿನ್‌ಗಿಂತ ಹಿಂದಕ್ಕೆ ಹೋದ್ರೆ ಈ ಪದ ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಅನ್ನೋ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಭಾಷಣ ಮಾಡಿದ್ರು, ಅದಾದ ಮೇಲೆ ವಿದ್ವಾಂಸರು ಒಂದೊಂದೇ ಪದ ಹಿಡಿದು ತಾಳೆ ನೋಡ್ತಾ ಹೋದ್ರು. ಹಾಗೆ ನೋಡಿದಾಗ ಗುಸ್ತುಸ್‌ಗೆ ಸಂಸ್ಕೃತದಲ್ಲಿ ಸಿಕ್ಕ ಬಂಧು ‘ಜುಷ್’ ಧಾತು. ಪಾಣಿನಿ ಸಂಪ್ರದಾಯದ ಧಾತುಪಾಠದಲ್ಲಿ ಇದಕ್ಕೆ ಕೊಟ್ಟಿರೋ ಅರ್ಥ ‘ಪ್ರೀತಿಸೇವನಯೋಃ’, ಅಂದ್ರೆ ಪ್ರೀತಿ ಮತ್ತೆ ಸೇವನೆ, ಎರಡೂ ಒಟ್ಟಿಗೆ. ನಮ್ಮ ಕಡೆ ಯಾವ ಈಶ್ವರನ ಗುಡಿಗೆ ಹೋದ್ರೂ ಸೋಮವಾರ ರುದ್ರಾಭಿಷೇಕ ನಡೀತಿರುತ್ತೆ, ರುದ್ರ ಮುಗಿದು ಚಮಕ ಶುರು ಆಗೋದೇ ‘ಅಗ್ನಾವಿಷ್ಣೂ ಸಜೋಷಸೇಮಾ’ ಅಂತ. ಅಲ್ಲಿರೋ ‘ಸಜೋಷಸಾ’ ಅಂದ್ರೆ ಇಬ್ಬರೂ ಒಂದೇ ಮನಸ್ಸಿಂದ, ಒಟ್ಟಿಗೆ ಸಂತೋಷಪಡ್ತಾ ಅಂತ, ಅದರ ಜೋಷ ಇದೇ ಜುಷ್. ಸರಸ್ವತಿ ಪೂಜೇಲಿ ಮಕ್ಕಳ ಕೈಲಿ ಹೇಳಿಸೋ ಮೇಧಾಸೂಕ್ತದ ‘ಜುಷಮಾಣಾ’ನೂ ಅದೇ. ಅಭಿಷೇಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳೋ ಮಂತ್ರದ ಪದಕ್ಕೂ ಬ್ರೆಜಿಲ್ ಹುಡುಗರ ಮೀಟಿಂಗ್ ಮಾತಿಗೂ ಬೇರು ಒಂದೇ ಅಂತ ಮೊದಲ ಸಲ ಓದಿದಾಗ ನಾನು ಅವತ್ತು ಬೇರೆ ಏನೂ ಓದಲಿಲ್ಲ, ಅಷ್ಟು ಖುಷಿ ಆಗಿತ್ತು.

ಇನ್ನೂ ಇದೆ. ಸಂಸ್ಕೃತದಲ್ಲಿ ಜ ಆದದ್ದು ಇರಾನಿನ ಹಳೇ ಧರ್ಮಗ್ರಂಥದ ಅವೆಸ್ತಾ ಭಾಷೇಲಿ ಹಿಂದಿಯ ಜ಼ ಥರದ ಸದ್ದಾಯ್ತು, ಹಳೇ ಪರ್ಷಿಯನ್‌ನಲ್ಲಿ ದ ಆಯ್ತು. ಇರಾನಿನ ಬೆಹಿಸ್ತೂನ್ ಬೆಟ್ಟದ ಮೇಲೆ ದೊರೆ ಡೇರಿಯಸ್ ಕ್ರಿ.ಪೂ. 520ರ ಸುಮಾರಿಗೆ ಕೆತ್ತಿಸಿದ ಶಾಸನ ಇದೆ, ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನಕ್ಕಿಂತ ಎರಡೂವರೆ ಶತಮಾನದಷ್ಟು ಹಳೇದು, ಅದರಲ್ಲಿ ‘ಅಹುರಮಜ್ದ ನಿನಗೆ ದೌಶ್ತಾ ಆಗಲಿ’ ಅಂತ ಒಂದು ಮಾತು ಬರುತ್ತೆ. ಅಹುರಮಜ್ದ ಅವರ ದೇವರು, ದೌಶ್ತಾ ಅಂದ್ರೆ ನಿನ್ನನ್ನ ಮೆಚ್ಚೋನು, ಸ್ನೇಹಿತ. ಅದೇ ಸವೆದು ‘ದೋಸ್ತ್’ ಆಯ್ತು. ದಾವಣಗೆರೆ ಹಳೇ ಊರಲ್ಲಿ ದಿನಕ್ಕೆ ನೂರು ಸಲ ಕೇಳೋ ‘ಏನ್ ದೋಸ್ತಾ, ಬಾರೋ ದೋಸ್ತಾ’ ಅನ್ನೋ ದೋಸ್ತು ಇದೇ! ಗ್ರೀಕ್ ಕಡೆ ಹೋದ್ರೆ ‘ಗೆವೊಮಾಯ್’ ಅಂದ್ರೆ ರುಚಿ ನೋಡ್ತೀನಿ ಅಂತ. ಕೋವಿಡ್ ಬಂದಾಗ ಬಾಯಿಗೆ ರುಚಿ ಹೋಯ್ತು ಅಂದವರ ಚೀಟೀಲಿ ಡಾಕ್ಟ್ರು ‘ಅಗ್ಯೂಸಿಯಾ’ ಅಂತ ಬರೀತಿದ್ರಲ್ಲ, ಅದು ಈ ಗ್ರೀಕ್ ಪದದಿಂದಲೇ ಕಟ್ಟಿದ್ದು. ಇಂಗ್ಲಿಷ್‌ನಲ್ಲಿ ಆರಿಸಿಕೋ ಅನ್ನೋ ‘ಚೂಸ್’ ಕೂಡ ಇದೇ ಕುಟುಂಬ, ರುಚಿ ನೋಡಿ ಆರಿಸೋದು ಅನ್ನೋ ಹಳೇ ಅರ್ಥ ಅಲ್ಲಿ ಉಳಿದಿದೆ. ಜುಷ್, ದೋಸ್ತ್, ಚೂಸ್, ಗೋಸ್ತೊ, ಮೇಲೆ ನೋಡಿದ್ರೆ ಒಂದಕ್ಕೊಂದು ಮುಖಪರಿಚಯನೂ ಇಲ್ಲ ಅನ್ಸುತ್ತೆ, ಆದ್ರೆ ಪ್ರತಿ ಭಾಷೇಲೂ ಆ ಮೊದಲ ವ್ಯಂಜನ ನಿಯಮದ ಪ್ರಕಾರವೇ ಬದಲಾಗಿದೆ, ಹಳಗನ್ನಡದ ಪಾಲ್ ಹಾಲಾಗಿ ಪೂ ಹೂವಾದ ಹಾಗೆ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಸ್ಪೇನ್‌ನಲ್ಲಿ ಓದ್ತಿದಾಳೆ, ನಾನೂ ಸ್ವಲ್ಪ ಕಲಿಯೋಣ ಅಂತ ಕೂತಿದೀನಿ. ‘ಮೆ ಗುಸ್ತ’ ಅಂದ್ರೆ ಐ ಲೈಕ್ ಅಂತ ಕೊಟ್ಟಿದಾರೆ, ಆದ್ರೆ ಒಂದು ವಸ್ತು ಇದ್ರೆ ‘ಗುಸ್ತ’, ಬಹಳ ಇದ್ರೆ ‘ಗುಸ್ತಾನ್’ ಅಂತಾರೆ. ಇಷ್ಟಪಡೋನು ನಾನೊಬ್ಬನೇ ಅಲ್ವಾ, ಕ್ರಿಯಾಪದ ಯಾಕೆ ಬದಲಾಗಬೇಕು? ತಲೆ ಕೆಟ್ಟುಹೋಗಿದೆ.

ಉತ್ತರ: ಮೇಷ್ಟ್ರೇ, ದಯವಿಟ್ಟು ಆ ಐ ಲೈಕ್ ಅನ್ನೋದನ್ನ ಇವತ್ತೇ ಬಿಟ್ಟುಬಿಡಿ. ತೊಂದರೆ ಸ್ಪ್ಯಾನಿಶ್‌ದಲ್ಲ, ನಡುವೆ ಇಂಗ್ಲಿಷ್ ತಂದು ಕೂರಿಸಿದ್ದಾರಲ್ಲ ಅದರದ್ದು. ಕನ್ನಡದಿಂದ ನೇರ ಹೋಗಿ, ಎಷ್ಟು ಸಲೀಸು ನೋಡಿ. ನಾವು ‘ಆ ಮನೆ ನಂಗೆ ಹಿಡಿಸ್ತು’ ಅಂತೀವಿ, ಇಲ್ಲಿ ಹಿಡಿಸಿದ್ದು ಯಾವುದು, ಮನೆ. ನಂಗೆ ಅನ್ನೋದು ಚತುರ್ಥಿ ವಿಭಕ್ತಿ. ‘ಆ ಹುಡುಗರು ನಂಗೆ ಹಿಡಿಸಿದ್ರು’ ಅಂದಾಗ ಕ್ರಿಯಾಪದ ಹುಡುಗರ ಜೊತೆ ಹೋಗುತ್ತೆ ಹೊರತು ನನ್ನ ಜೊತೆ ಬರಲ್ಲ. ಸ್ಪ್ಯಾನಿಶ್‌ನಲ್ಲೂ ಅಷ್ಟೇ, ‘ಮೆ’ ಅಂದ್ರೆ ನಂಗೆ, ‘ಗುಸ್ತ’ ಅಂದ್ರೆ ಹಿಡಿಸುತ್ತೆ. ‘ಮೆ ಗುಸ್ತ ಲಾ ದೋಸ’, ದೋಸೆ ನಂಗೆ ಹಿಡಿಸುತ್ತೆ. ‘ಮೆ ಗುಸ್ತಾನ್ ಲಾಸ್ ದೋಸಾಸ್’, ದೋಸೆಗಳು ನಂಗೆ ಹಿಡಿಸ್ತವೆ. ‘ಮೆ ಗುಸ್ತೊ’ ಅಂತ ಕೊನೇ ಒಗೆ ಒತ್ತು ಕೊಟ್ಟು ಹೇಳಿದ್ರೆ ಹಿಡಿಸ್ತು, ಭೂತಕಾಲ. ‘ತೆ ಗುಸ್ತ?’ ಅಂದ್ರೆ ನಿಂಗೆ ಹಿಡಿಸುತ್ತಾ? ಅರ್ಧ ಗಂಟೆ ಕೂತ್ರೆ ಮುಗೀತು.

ಇದೊಂದೇ ಅಲ್ಲ, ಸ್ಪ್ಯಾನಿಶ್‌ನಲ್ಲಿ ಇಂಥವು ಇನ್ನೂ ಇವೆ. ‘ಮೆ ದ್ವೆಲೆ ಲಾ ಕಬೇಸ’ ಅಂದ್ರೆ ನಂಗೆ ತಲೆ ನೋಯುತ್ತೆ, ‘ಮೆ ಪರೇಸೆ’ ಅಂದ್ರೆ ನಂಗೆ ಅನ್ಸುತ್ತೆ, ‘ಮೆ ಫಾಲ್ತ’ ಅಂದ್ರೆ ನಂಗೆ ಕಮ್ಮಿ ಬಿದ್ದಿದೆ. ಎಲ್ಲಾ ಕಡೆ ಕೆ ಪ್ರತ್ಯಯ ಹಾಕಿ ಯೋಚನೆ ಮಾಡಿದ್ರೆ ಸರಿಯಾಗಿ ಕೂತ್ಕೊಳ್ಳುತ್ತೆ. ಆದ್ರೆ ಪೂರ್ತಿ ನಂಬಿ ಕೂರೋ ಹಾಗಿಲ್ಲ, ನಂಗೆ ಹಸಿವು ಅನ್ನೋಕೆ ಅವರು ‘ನನ್ನ ಹತ್ರ ಹಸಿವಿದೆ’ ಅನ್ನೋ ಥರ ‘ತೆಂಗೊ ಆಂಬ್ರೆ’ ಅಂತಾರೆ, ಅಲ್ಲಿ ನಮ್ಮ ದಾರಿ ಬೇರೆ ಅವರ ದಾರಿ ಬೇರೆ.

ಪೋರ್ಚುಗೀಸು ಪಕ್ಕದ ಭಾಷೆ ಆದ್ರೂ ಈ ವಿಷಯದಲ್ಲಿ ಬೇರೆ ಥರ. ಅಲ್ಲಿ ‘ಎವು ಗೋಸ್ತು ದೆ ಕಫೆ’, ಅಂದ್ರೆ ನಾನು ಕಾಫಿ ಮೆಚ್ತೀನಿ, ನಾನು ಅನ್ನೋದೇ ಕರ್ತೃ. ನಡುವೆ ‘ದೆ’ ಬಿಟ್ರೆ ವಾಕ್ಯ ಕುಂಟುತ್ತೆ. ಹೀಗೆ ‘ದೆ’ ಸೇರಿಸಿ ಹೇಳೋ ರೀತಿ ಸ್ಪ್ಯಾನಿಶ್‌ನಲ್ಲೂ ಮೊದಲು ಬಳಕೇಲಿತ್ತು, ಈಗ್ಲೂ ಗಂಭೀರ ಬರಹದಲ್ಲಿ ಅಪರೂಪಕ್ಕೆ ಕಾಣುತ್ತೆ, ಆದ್ರೆ ದಿನದ ಮಾತಲ್ಲಿ ‘ನಂಗೆ ಹಿಡಿಸುತ್ತೆ’ ರೀತಿನೇ ಗೆದ್ದಿದೆ. ಇಂಗ್ಲಿಷ್ ಇದಕ್ಕೆ ಉಲ್ಟಾ, ಷೇಕ್ಸ್‌ಪಿಯರ್ ಕಾಲದಲ್ಲಿ ‘ಇಟ್ ಲೈಕ್ಸ್ ಮಿ’, ಅಂದ್ರೆ ಅದು ನಂಗೆ ಹಿಡಿಸುತ್ತೆ ಅಂತಾನೂ ಹೇಳ್ತಿದ್ರು, ಆಮೇಲೆ ಅದು ಅಳಿದು ಐ ಲೈಕ್ ಮಾತ್ರ ಉಳೀತು. ಅಂದ್ರೆ ಇವತ್ತು ನಿಮಗೆ ಗೊಂದಲ ಮಾಡ್ತಿರೋ ರಚನೆ ಒಂದು ಕಾಲಕ್ಕೆ ಇಂಗ್ಲಿಷಿನವರ ಬಾಯಲ್ಲೂ ಇತ್ತು ಮೇಷ್ಟ್ರೇ.

ಒಂದು ಮಾತು ಮಗಳಿಗೆ ಹೇಳೋಕೆ ಇಟ್ಕೊಳ್ಳಿ, ‘ಮೆ ಗುಸ್ತಾಸ್’ ಅಂತ ಒಬ್ಬರ ಮುಖ ನೋಡಿ ಹೇಳಿದ್ರೆ ನೀನು ಒಳ್ಳೆಯವನು ಅನ್ನೋ ಅರ್ಥಕ್ಕಿಂತ ನಿನ್ನ ಮೇಲೆ ಮನಸ್ಸಾಗಿದೆ ಅನ್ನೋ ಅರ್ಥ ಬರುತ್ತೆ. ಅವಳಿಗೆ ಈಗಾಗ್ಲೇ ಗೊತ್ತಿರಬಹುದು, ನೀವು ಗೊತ್ತಿಲ್ಲದೇ ಪಕ್ಕದ ಮನೆಯವರ ಮೇಲೆ ಪ್ರಯೋಗ ಮಾಡೋದು ಬೇಡ.

ಪ್ರಶ್ನೆ: ಸರ್, ದಾವಣಗೆರೆ ಮೆಡಿಕಲ್ ಸ್ಟೂಡೆಂಟ್ ನಾನು. ಖುಷಿಗೆ ಪೋರ್ಚುಗೀಸಲ್ಲಿ ‘ಪ್ರಜೇರ್’ ಅಂತಾನೂ ಇದೆ, ಸ್ಪ್ಯಾನಿಶಲ್ಲಿ ‘ಪ್ಲಾಸೇರ್’. ಇದಕ್ಕೂ ನಾವು ಓದೋ ಪ್ಲೇಸಿಬೊ, ಅಂದ್ರೆ ಮದ್ದಿನ ಅಂಶ ಇಲ್ಲದ ಹುಸಿ ಮದ್ದಿಗೂ ಸಂಬಂಧ ಇದೆ ಅಂತ ಸೀನಿಯರ್ ಒಬ್ರು ಹೇಳಿದ್ರು, ನಿಜಾನಾ?

ಉತ್ತರ: ನಿಜ. ಲ್ಯಾಟಿನ್‌ನ ‘ಪ್ಲಾಕೇರೆ’ ಅಂದ್ರೆ ಮೆಚ್ಚಿಗೆ ಆಗು, ಹಿತ ಆಗು. ಅದರಿಂದ ಸ್ಪ್ಯಾನಿಶ್ ಪ್ಲಾಸೇರ್, ಪೋರ್ಚುಗೀಸ್ ಪ್ರಜೇರ್, ಇಟಾಲಿಯನ್ ಪಿಯಾಚೇರೆ, ಫ್ರೆಂಚ್ ಪ್ಲೆಜೀರ್, ಫ್ರೆಂಚಿನಿಂದ ಇಂಗ್ಲಿಷ್ ಪ್ಲೆಷರ್. ಸ್ಪ್ಯಾನಿಶ್ ಪದದಲ್ಲಿ ವ್ಯಂಜನದ ಪಕ್ಕ ಲ ಇದ್ರೆ ಪೋರ್ಚುಗೀಸಲ್ಲಿ ಬಹಳ ಸಲ ರ ಬರುತ್ತೆ, ಬಿಳಿ ಅನ್ನೋಕೆ ಅಲ್ಲಿ ಬ್ಲಾಂಕೊ ಇಲ್ಲಿ ಬ್ರಾಂಕು, ಬೆಳ್ಳಿಗೆ ಅಲ್ಲಿ ಪ್ಲಾತ ಇಲ್ಲಿ ಪ್ರಾತ, ಊರ ನಡುವಿನ ಬಯಲಿಗೆ ಅಲ್ಲಿ ಪ್ಲಾಸ ಇಲ್ಲಿ ಪ್ರಾಸ.

ಪ್ಲೇಸಿಬೊ ಅನ್ನೋದು ಇದೇ ಪ್ಲಾಕೇರೆಯ ಭವಿಷ್ಯತ್ ರೂಪ, ‘ನಾನು ಮೆಚ್ಚಿಗೆ ಆಗ್ತೀನಿ’ ಅಂತ. ಇದು ಔಷಧದ ಪುಸ್ತಕದಲ್ಲಿ ಹುಟ್ಟಲಿಲ್ಲ, ಸಾವಿನ ಮನೇಲಿ ಹುಟ್ಟಿತು. ಯುರೋಪಿನ ಚರ್ಚುಗಳಲ್ಲಿ ಸತ್ತವರಿಗಾಗಿ ಸಂಜೆ ಮಾಡೋ ಪ್ರಾರ್ಥನೆ ‘ಪ್ಲಾಕೇಬೊ ದೋಮಿನೊ’, ದೇವರಿಗೆ ಮೆಚ್ಚಿಗೆ ಆಗ್ತೀನಿ ಅನ್ನೋ ಕೀರ್ತನೆ ಸಾಲಿಂದ ಶುರು ಆಗ್ತಿತ್ತು. ಕಾಲ ಕಳೆದ ಹಾಗೆ ಇಂಗ್ಲಿಷ್‌ನಲ್ಲಿ ಪ್ಲೇಸಿಬೊ ಹಾಡೋದು ಅಂದ್ರೆ ಮುಖಸ್ತುತಿ ಮಾಡೋದು ಅಂತ ಆಯ್ತು. 18ನೇ ಶತಮಾನದ ಕೊನೆ ಹೊತ್ತಿಗೆ ರೋಗಿಯ ಸಮಾಧಾನಕ್ಕೆ ಮಾತ್ರ ಕೊಡೋ ಮದ್ದಿಗೆ ವೈದ್ಯರು ಆ ಹೆಸರು ಇಟ್ರು. ಹಾಗಾಗಿ ನಿಮ್ಮ ಸಿಲಬಸ್‌ನಲ್ಲಿ ಇವತ್ತಿಗೂ ಒಂದು ಹಳೇ ಪ್ರಾರ್ಥನೆಯ ಮೊದಲ ಪದ ಕೂತಿದೆ.

ಬಳಕೆ ವಿಚಾರಕ್ಕೆ ಬಂದ್ರೆ, ಬ್ರೆಜಿಲ್‌ನಲ್ಲಿ ಹೊಸಬರ ಪರಿಚಯ ಆದಾಗ ‘ಮುಯ್ತು ಪ್ರಜೇರ್’ ಅಂತಾರೆ, ಎದುರಿನವರು ‘ಉ ಪ್ರಜೇರ್ ಎ ಮೆವು’, ಸಂತೋಷ ನನ್ನದು ಅಂತ ಹೇಳ್ತಾರೆ. ನಮ್ಮಲ್ಲಿ ಆ ಜಾಗದಲ್ಲಿ ‘ಯಾವೂರ್ರಿ ನಿಮ್ದು?’ ಬರುತ್ತೆ, ಸಂತೋಷ ಅನ್ನೋ ಪದ ಇರಲ್ಲ, ಆದ್ರೆ ಕೇಳೋ ದನಿಯಲ್ಲಿ ಎಲ್ಲಾ ಇರುತ್ತೆ.

ಗೋಸ್ತೊ ಮತ್ತೆ ಪ್ರಜೇರ್ ನಡುವೆ ವ್ಯತ್ಯಾಸ ಏನು ಅಂದ್ರೆ, ಗೋಸ್ತೊಗೆ ನಾಲಿಗೆಯ ನೆನಪು ಹೋಗಿಲ್ಲ, ಒಬ್ಬೊಬ್ಬರ ಅಭಿರುಚಿ ಅನ್ನೋದೂ ಅದರಲ್ಲೇ ಇದೆ. ಅದಕ್ಕೇ ಪೋರ್ಚುಗೀಸಲ್ಲಿ ಗಾದೆ, ಗೋಸ್ತೊಗಳ ಬಗ್ಗೆ ವಾದ ಮಾಡಬಾರದು ಅಂತ. ಸ್ಪ್ಯಾನಿಶ್‌ನವರು ಗುಸ್ತೊಗಳ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ ಅಂತಾರೆ. ‘ಊಟ ತನ್ನಿಚ್ಛೆ’ ಅಂತ ನಾವು ಹೇಳ್ತೀವಲ್ಲ ಅದೇ. ಪ್ರಜೇರ್‌ನಲ್ಲಿ ಆ ಅಭಿರುಚಿ ಇಲ್ಲ, ಅದು ಬರೀ ಆನಂದ, ಸುಖ.

ಪ್ರಶ್ನೆ: ಹರಿಹರದಿಂದ. ಜೋಶ್ ಅಂತೀವಲ್ಲ, ಅದು ಗುಸ್ತೊ ಇಂದ ಬಂತಾ? ಮತ್ತೆ ಕುಸ್ತಿ?

ಉತ್ತರ: ಎರಡೂ ಅಲ್ಲ. ಜೋಶ್ ಅಂದ್ರೆ ಪಾರ್ಸೀಲಿ ಕುದಿ, ಉಕ್ಕು. ಮೇಲೆ ಹೇಳಿದ ಸಂಸ್ಕೃತದ ಜೋಷಕ್ಕೂ ಇದಕ್ಕೂ ಸದ್ದು ಮಾತ್ರ ಒಂದೇ, ಗುಸ್ತೊ ಕುಟುಂಬದ ಪದ ಪಾರ್ಸೀಲಿ ದ ಅಕ್ಷರದಿಂದ ಶುರು ಆಗಬೇಕಿತ್ತು, ದೋಸ್ತ್ ಥರ. ಕುಸ್ತಿನೂ ಪಾರ್ಸಿಯಿಂದಾನೇ ಬಂದಿದ್ದು, ಅದರ ಹಿಂದೆ ಸೊಂಟಪಟ್ಟಿ ಅನ್ನೋ ಹಳೇ ಪದ ಇದೆ. ಪಾರ್ಸಿ ಸಮಾಜದವರು ಸೊಂಟಕ್ಕೆ ಕಟ್ಟೋ ಪವಿತ್ರ ದಾರಕ್ಕೂ ಕುಸ್ತಿ ಅಂತಾನೇ ಹೆಸರು. ದುಗ್ಗಮ್ಮನ ಜಾತ್ರೇಲಿ ಪೈಲ್ವಾನರು ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆಯೋದು ನೋಡಿದವರಿಗೆ ಈ ನಂಟು ವಿವರಿಸಬೇಕಿಲ್ಲ.

ಪ್ರಶ್ನೆ: ಚಳ್ಳಕೆರೆಯಿಂದ ಬರೀತಿದೀನಿ. ಪೋರ್ಚುಗೀಸರು ಗೋವಾದಾಗೆ ಅಷ್ಟು ವರ್ಷ ಇದ್ರಲ್ಲ, ಮೇಜು, ಪಾದ್ರಿ ಎಲ್ಲಾ ಅವರ ಮಾತೇ ಅಂತಾರೆ. ಹಂಗಾದ್ರೆ ಈ ಗೋಸ್ತೊ, ಪ್ರಜೇರ್ ಯಾಕೆ ಕನ್ನಡಕ್ಕೆ ಬರ್ಲಿಲ್ಲ?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀರಿ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆ ಕಡೆ ಇಳಿದ, 1510ರಲ್ಲಿ ಗೋವಾ ಅವರ ಕೈ ಸೇರ್ತು, ಬಿಟ್ಟು ಹೋಗಿದ್ದು 1961ರಲ್ಲಿ. ನಾನೂರೈವತ್ತು ವರ್ಷ ಪಕ್ಕದಲ್ಲೇ ಇದ್ರೂ ನಮಗೆ ಬಂದ ಪದಗಳು ನೋಡಿ, ಮೇಜು, ಅಲಮಾರು, ಚಾವಿ, ಅನಾನಸು, ಬಟಾಟೆ, ಪಾದ್ರಿ, ಪಗಾರ. ಎಲ್ಲಾ ಕೈಗೆ ಸಿಗೋ ವಸ್ತು, ಇಲ್ಲಾ ಹೊಸ ಉದ್ಯೋಗ, ಇಲ್ಲಾ ದುಡ್ಡಿನ ವ್ಯವಹಾರ. ಹೊಸ ವಸ್ತು ಬಂದ್ರೆ ಹೆಸರನ್ನೂ ಹೊತ್ತು ತರುತ್ತೆ. ಖುಷಿಪಡೋದನ್ನ ಯಾರೂ ಹಡಗಲ್ಲಿ ತರಬೇಕಿರಲಿಲ್ಲ, ನಮ್ಮಲ್ಲಿ ಸವಿ ಇತ್ತು, ನಲಿವು ಇತ್ತು, ಸಂಸ್ಕೃತದ ರುಚಿ, ಇಷ್ಟ, ಆನಂದ ಇದ್ವು, ಸಾಲದು ಅಂತ ಪಾರ್ಸಿಯ ಖುಷಿ, ಮಜಾ ಕೂಡ ಬಂದು ಕೂತಿದ್ವು. ಮಜಾ ಅನ್ನೋದಕ್ಕೂ ಪಾರ್ಸೀಲಿ ಮೊದಲ ಅರ್ಥ ರುಚಿ ಅಂತಾನೇ. ರುಚಿಯಿಂದ ಖುಷಿಗೆ ಹೋಗೋ ದಾರಿ ಎಲ್ಲಾ ಊರಲ್ಲೂ ಇದೆ, ನಮ್ಮ ‘ಸವಿ’ನೇ ತಗೊಳ್ಳಿ, ಸವಿಯಾದ ಹಣ್ಣು ಅಂತೀವಿ, ಸವಿಮಾತು ಅಂತೀವಿ, ಸವಿನೆನಪು ಅಂತೀವಿ. ಗೋಸ್ತೊಗೆ ಕನ್ನಡದಲ್ಲಿ ಒಂದೇ ಪದ ಕೊಡಿ ಅಂತ ನನ್ನನ್ನ ಕೇಳಿದ್ರೆ ಯೋಚನೆ ಮಾಡದೇ ಸವಿ ಅಂತೀನಿ.

ಪದ ಬರಲಿಲ್ಲ, ಆದ್ರೆ ರುಚಿ ಬಂತು. ಕೊಲಂಬಸ್ 1492ರಲ್ಲಿ ಅಮೆರಿಕ ಕಡೆ ಹೋದ ಮೇಲೆ ಅಲ್ಲಿನ ಬೆಳೆಗಳು ಸ್ಪೇನ್, ಪೋರ್ಚುಗಲ್ ಹಡಗು ಹತ್ತಿ ಪ್ರಪಂಚ ಸುತ್ತಿದ್ವು. ಮೆಣಸಿನಕಾಯಿ ಹಾಗೇ ನಮ್ಮ ಕರಾವಳಿಗೆ ಬಂದಿದ್ದು. ಅದಕ್ಕೂ ಮೊದಲು ನಮ್ಮ ಖಾರ ಅಂದ್ರೆ ಕರಿಮೆಣಸು, ಹೊಸ ಕಾಯಿ ಬಂದಾಗ ಮೆಣಸಿನ ಹಾಗೆ ಖಾರ ಇರೋ ಕಾಯಿ ಅಂತ ಮೆಣಸಿನಕಾಯಿ ಅಂದ್ರು. ನಿಮ್ಮ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬರೋಕೆ ಕಾರಣ ಆದ ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ದಾವಣಗೆರೆ ಹೊಲಗಳಲ್ಲಿ ನಿಂತಿರೋ ಮೆಕ್ಕೆಜೋಳ ಮೆಕ್ಸಿಕೊ ಕಡೇದು. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಚ್ಚುವಾಗ ಮಂಡಕ್ಕಿ ನಮ್ಮದು, ಕಡಲೆಹಿಟ್ಟು ನಮ್ಮದು, ಒಳಗಿನ ಮೆಣಸಿನಕಾಯಿ ಮತ್ತೆ ಕರಿದಿರೋ ಶೇಂಗಾ ಎಣ್ಣೆ ಸಮುದ್ರ ದಾಟಿ ಬಂದವು. ಗೋಸ್ತೊ ಅನ್ನೋ ಸದ್ದನ್ನ ನಾವು ತಗೊಳ್ಳಲಿಲ್ಲ, ಅದರ ಮೂಲ ಅರ್ಥವನ್ನ ದಿನಾ ತಿಂತೀವಿ.

ಪಗಾರದ ಬಗ್ಗೆ ಒಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಅದು ಪೋರ್ಚುಗೀಸಿನ ‘ಪಗಾರ್’, ದುಡ್ಡು ಕೊಡು. ಅದರ ಲ್ಯಾಟಿನ್ ಮೂಲ ‘ಪಾಕಾರೆ’, ಸಮಾಧಾನ ಮಾಡು, ಶಾಂತಿ ಅನ್ನೋ ಪದದಿಂದ ಬಂದಿದ್ದು. ದುಡಿದವರಿಗೆ ಹೊತ್ತಿಗೆ ಸರಿಯಾಗಿ ಪಗಾರ ಕೊಟ್ರೆ ಶಾಂತಿ, ಇಲ್ಲದಿದ್ರೆ ಇಲ್ಲ ಅನ್ನೋದು ಆ ಪದದ ಹೊಟ್ಟೇಲೇ ಇದೆ.

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. ನಮ್ಮ ಯಜಮಾನರ ಬ್ರೆಜಿಲ್ ಸಹೋದ್ಯೋಗಿ ಮನೆಗೆ ಬಂದಿದ್ರು, ಬೆಣ್ಣೆ ದೋಸೆ ತಿಂದು ‘ಗೋಸ್ತೋಜು’ ಅಂದ್ರು. ನಾನೂ ಈ ಪದ ಬಳಸಬಹುದಾ? ‘ಗೋಜು’ ಅಂತಾನೂ ಒಂದು ಖುಷಿ ಪದ ಇದೆಯಂತಲ್ಲ?

ಉತ್ತರ: ಅಮ್ಮಾ, ಗೋಸ್ತೋಜು ಅಂದ್ರೆ ಬಹಳ ರುಚಿಯಾಗಿದೆ ಅಂತ, ನಿಮ್ಮ ದೋಸೆಗೆ ಸಿಕ್ಕ ಸರಿಯಾದ ಹೊಗಳಿಕೆ. ತಿಂಡಿಗೆ ಧಾರಾಳವಾಗಿ ಬಳಸಿ. ಮನುಷ್ಯರ ಬಗ್ಗೆ ಮಾತ್ರ ಹೇಳಬೇಡಿ, ಗಂಡಸಿಗೆ ಗೋಸ್ತೋಜು, ಹೆಂಗಸಿಗೆ ಗೋಸ್ತೋಜ ಅಂದ್ರೆ ಬ್ರೆಜಿಲ್‌ನಲ್ಲಿ ಕೆಟ್ಟ ನೋಟದಿಂದ ಹೇಳೋ ಮಾತಾಗುತ್ತೆ.

ಗೋಜು ಬಗ್ಗೆ ಇನ್ನೂ ಎಚ್ಚರ ಬೇಕು. ಸ್ಪ್ಯಾನಿಶ್‌ನಲ್ಲಿ ಅದು ‘ಗೋಸೊ’, ಲ್ಯಾಟಿನ್‌ನ ‘ಗೌದಿಯುಂ’ ಅನ್ನೋದರಿಂದ ಬಂದಿದ್ದು, ಒಳಗಿಂದ ಉಕ್ಕೋ ಹರ್ಷ ಅಂತ ಅರ್ಥ, ಇಂಗ್ಲಿಷ್ ಜಾಯ್ ಕೂಡ ಅದೇ ಮೂಲದ್ದು. ಸ್ಪೇನ್‌ನಲ್ಲಿ ಮೇರಿಮಾತೆ ಮೇಲೆ ಹಾಡೋ ಭಕ್ತಿಗೀತೆಗಳಿಗೆ ‘ಗೋಸೊಸ್’ ಅಂತ ಹೆಸರಿದೆ, ಅಷ್ಟು ಪವಿತ್ರ. ಅದೇ ಪದ ಪೋರ್ಚುಗಲ್‌ಗೆ ಹೋದ್ರೆ ಒಬ್ಬರನ್ನ ಆಡಿಕೊಂಡು ನಗೋದು ಅಂತಾನೂ ಆಗುತ್ತೆ, ಬ್ರೆಜಿಲ್ ಆಡುಮಾತಲ್ಲಿ ಗಂಡಹೆಂಡಿರ ಖಾಸಗಿ ಸುಖದ ಮಾತಾಗುತ್ತೆ. ಹಾಗಾಗಿ ಆ ಅತಿಥಿಗೆ ಮೆಸೇಜ್ ಕಳಿಸೋದಿದ್ರೆ ಗೋಜು ಬೇಡ. ‘ಫೊಯ್ ಉಂ ಪ್ರಜೇರ್’ ಅಂತ ಬರೀರಿ, ನೀವು ಬಂದಿದ್ದು ಸಂತೋಷ ಆಯ್ತು ಅಂತ ಅರ್ಥ ಆಗುತ್ತೆ, ಅವರ ಮನೆಯವರು ಯಾರು ಓದಿದ್ರೂ ತಪ್ಪು ತಿಳಿಯೋದಿಲ್ಲ.